ಟಿ.ಎಸ್. ಸತ್ಯನ್: ಹೆಸರಿಲ್ಲದವರ ಮುಖ ಕಂಡ ಕ್ಯಾಮೆರಾ

ಮಳೆಗಾಲ ಬಂತೆಂದರೆ ಗೋಕಾಕ ಜಲಪಾತದ ಮುಂದೆ ಕ್ಯಾಮೆರಾಗಳ ಜಾತ್ರೆ. ಅದರಲ್ಲಿ ನಾನೂ ಒಬ್ಬ. ಘಟಪ್ರಭೆ ಧುಮ್ಮಿಕ್ಕುವುದನ್ನು, ತೂಗುಸೇತುವೆಯನ್ನು ವರ್ಷಗಟ್ಟಲೆ ತೆಗೆದೆ. ಲಗ್ನದ ಸೀಸನ್‌ನಲ್ಲಿ ಮೂಡಲಗಿ, ಹುಕ್ಕೇರಿಯ ಮಂಟಪಗಳಲ್ಲಿ ದುಡಿಮೆ. ಫೋಟೋ ಚೊಲೋನೇ ಬರ್ತಿದ್ದವು. ಆದರೆ ನನ್ನ ಹೆಸರು ಅಳಿಸಿ ಬೇರೆಯವರದು ಹಾಕಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸಂಕಟವೇ ನನ್ನನ್ನು ಟಿ.ಎಸ್. ಸತ್ಯನ್ ಅವರ ಬದುಕಿನತ್ತ ತಿರುಗಿಸಿತು.

1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಹುಟ್ಟಿದ ಸತ್ಯನ್, ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರ ಛಾಯಾಗ್ರಾಹಕರಾದರು. ಮುಂದೆ ಬೊಂಬಾಯಿಯ ಇಲಸ್ಟ್ರೇಟೆಡ್ ವೀಕ್ಲಿ ಸೇರಿದರು. ಆಮೇಲೆ ತಿಂಗಳ ಸಂಬಳದ ಆಸರೆಯನ್ನೇ ಬಿಟ್ಟು ಸ್ವತಂತ್ರವಾಗಿ ದುಡಿದರು. ಅಮೆರಿಕದ ಲೈಫ್ ಪತ್ರಿಕೆಯವರೆಗೂ ಅವರ ಚಿತ್ರಗಳು ಹೋದವು.

ನೆಹರೂ ಅವರಂಥ ದೊಡ್ಡವರನ್ನು ಅವರು ತೆಗೆದಿದ್ದಾರೆ, ನಿಜ. ಆದರೆ ಸತ್ಯನ್ ಅಂದಕೂಡಲೇ ಕಣ್ಣಮುಂದೆ ಬರುವುದು ಹೆಸರಿಲ್ಲದ ಜನ: ಆಡುವ ಮಕ್ಕಳು, ದುಡಿಯುವ ಹೆಂಗಸರು, ಬೀದಿ ಬದಿಯ ಬದುಕು. ಆ ಕಪ್ಪು-ಬಿಳುಪು ಚಿತ್ರಗಳಲ್ಲಿ ಬಡತನ ಕಾಣುತ್ತದೆ. ಬಡವರನ್ನು ಸಣ್ಣವರನ್ನಾಗಿ ಮಾಡುವ ನೋಟ ಮಾತ್ರ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ದಾಖಲಿಸಿದಾಗಲೂ ಅವರಿಗೆ ರೋಗಕ್ಕಿಂತ ಮನುಷ್ಯರೇ ಮುಖ್ಯ. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಕೊನೆಗೆ ಮೈಸೂರಿಗೇ ಮರಳಿ, ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಬರೆದರು. 2009ರ ಡಿಸೆಂಬರ್ 13ರಂದು ತೀರಿಕೊಂಡರು.

ಈ ಬದುಕಿನಿಂದ ನಾನು ಕಲಿತದ್ದು ಇಷ್ಟೇ: ಕಲಾವಿದನ ದನಿ ಹೊಸ ಲೆನ್ಸ್ ಕೊಂಡರೆ ಬರುವುದಿಲ್ಲ. ಯಾರನ್ನು ಮತ್ತೆ ಮತ್ತೆ ನೋಡುತ್ತೇವೆ, ಎಷ್ಟು ಗೌರವದಿಂದ ನೋಡುತ್ತೇವೆ ಅನ್ನುವುದರಿಂದ ಬರುತ್ತದೆ. ಇವತ್ತು ಮೊಬೈಲಿನಲ್ಲಿ ಲೈಕ್ ಬೀಳುವುದು ಜಲಪಾತಕ್ಕೇ. ಒಂದೇ ಜಾಗದಲ್ಲಿ ನಿಂತು ಎಲ್ಲರೂ ಒಂದೇ ಚಿತ್ರ ತೆಗೆಯುವುದಕ್ಕೆ ಅದೂ ಒಂದು ಕಾರಣ.

ಮೊನ್ನೆ ಮೂಡಲಗಿ ಸಂತೆಗೆ ಹೋದೆ. ಬದನೆಕಾಯಿ ಮಾರುವ ಆಯಿಯ ಪಕ್ಕ ಕೂತು, ಮೊದಲು ಮಾತಾಡಿಸಿದೆ. ತನ್ನ ಮಾರಿ ಏನು ತೆಗೀತಿ, ಕಾಯಿಪಲ್ಲೆ ತಗೋ ಅಂತ ಬೈದಳು. ಒಂದು ಕಿಲೋ ಬದನೆಕಾಯಿ ಕಟ್ಟಿಸಿಕೊಂಡೆ. ಚಿಲ್ಲರೆ ಎಣಿಸುವಾಗ ಅವಳೇ ನಕ್ಕಳು, ಆಗ ತೆಗೆದೆ. ಫೋಟೋಕ್ಕೆ ಲೈಕ್ ಬಂದದ್ದು ಕಡಿಮೆ. ಆದರೆ ಇದು ಮಾತ್ರ ನಾನೇ ತೆಗೆದದ್ದು ಅನ್ನಿಸಿತು.