ಗಂಟೆ ಬಾರಿಸಿದ ಅಲೆ: ಜಗದೀಶ್ ಚಂದ್ರ ಬೋಸ್

ರೇಡಿಯೋ ಅಂದ ಕೂಡಲೇ ನಮಗೆಲ್ಲ ಮಾರ್ಕೋನಿ ನೆನಪಾಗ್ತಾರೆ. ಜಗದೀಶ್ ಚಂದ್ರ ಬೋಸ್ ಅಂದರೆ ಗಿಡಗಳ ಮೇಲೆ ಪ್ರಯೋಗ ಮಾಡಿದವರು ಅಂತಷ್ಟೇ ಶಾಲೆಯಲ್ಲಿ ಓದಿದ್ದೇವೆ. ಆದರೆ ಇವತ್ತು ಗಾಳಿಯಲ್ಲಿರುವ ರೇಡಿಯೋ ಅಲೆಗಳಿಂದಲೇ ಪುಟ್ಟ ಸೆನ್ಸರ್‌ಗಳನ್ನು ನಡೆಸುವ ಪ್ರಯತ್ನ ನಡೀತಿದೆಯಲ್ಲ, ಅದರ ಬೇರು ಹುಡುಕಿದರೆ ಬೋಸರೇ ಸಿಗುತ್ತಾರೆ.

ಅವರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗಿನ ಬಾಂಗ್ಲಾದೇಶದಲ್ಲಿ. ತಂದೆ ಭಗವಾನ್ ಚಂದ್ರರು ಬ್ರಿಟಿಷ್ ಸರ್ಕಾರದ ಅಧಿಕಾರಿ. ಅಂಥ ಮನೆಯ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗೋದೇ ರೂಢಿ. ಅವರು ಮಾತ್ರ ಮಗನನ್ನು ಬಂಗಾಳಿ ಶಾಲೆಗೆ ಹಾಕಿದರು. ಮೊದಲು ತನ್ನ ಭಾಷೆ, ತನ್ನ ಜನ ಗೊತ್ತಾಗಲಿ ಎಂಬುದು ಅವರ ವಿಚಾರ. ಮೀನುಗಾರರ ಮಗನ ಪಕ್ಕ ಕೂತು ಕೇಳಿದ ಕಥೆಗಳೇ ಆ ಹುಡುಗನಿಗೆ ಪ್ರಕೃತಿಯ ಹುಚ್ಚು ಹಿಡಿಸಿದವು.

ಮುಂದೆ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಆರೋಗ್ಯ ಕೆಟ್ಟು ಅದನ್ನು ಬಿಟ್ಟು ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನ ಓದಿದರು. 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರಾದರು. ಅಲ್ಲಿ ಒಂದೇ ಕೆಲಸಕ್ಕೆ ಭಾರತೀಯರಿಗೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ. ಬೋಸರು ಪಾಠ ನಿಲ್ಲಿಸಲಿಲ್ಲ, ಆದರೆ ಸಂಬಳವನ್ನು ಮುಟ್ಟಲೂ ಇಲ್ಲ. ಮೂರು ವರ್ಷ ಹಾಗೇ ಕಲಿಸಿದರು. ಕೊನೆಗೆ ಸರ್ಕಾರವೇ ಸೋತು ಪೂರ್ತಿ ಬಾಕಿ ಕೊಟ್ಟಿತು.

1894ರ ಹೊತ್ತಿಗೆ, ಸರಿಯಾದ ಲ್ಯಾಬ್ ಕೂಡ ಇಲ್ಲದೆ, ಬರೀ 5 ಮಿಲಿಮೀಟರ್‌ನಷ್ಟು ಚಿಕ್ಕ ಅಲೆಗಳನ್ನು ಹುಟ್ಟಿಸುವ ಕೆಲಸಕ್ಕೆ ಕೈ ಹಾಕಿದರು. ಅದು ಈಗಿನ ಲೆಕ್ಕದಲ್ಲಿ ಸುಮಾರು 60 ಗಿಗಾಹರ್ಟ್ಜ್! 1895ರಲ್ಲಿ ಜನರೆದುರು ತೋರಿಸಿದ ಪ್ರಯೋಗದಲ್ಲಿ ಅವರ ಅಲೆಗಳು ಗೋಡೆಗಳನ್ನು ದಾಟಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿದವು, ಮದ್ದು ಸಿಡಿಸಿದವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಂಟೆ ಬಾರಿಸುವ ಶಕ್ತಿ ಅಲೆಯದ್ದಲ್ಲ, ಆ ತುದಿಯಲ್ಲಿದ್ದ ಬ್ಯಾಟರಿಯದ್ದು. ಅಲೆ ಬರೀ ಸ್ವಿಚ್ ಒತ್ತಿತು. ಈಗಿನ ಸಂಶೋಧಕರು ಕೇಳ್ತಿರೋದು ಮುಂದಿನ ಪ್ರಶ್ನೆ: ಅಲೆಯೇ ಬ್ಯಾಟರಿ ಆದರೆ ಹೇಗೆ?

ಅದಕ್ಕೆ ಬೇಕಾದ ಮುಖ್ಯ ಭಾಗದ ಪೂರ್ವಜ ಬೋಸರ ಕೈಯಲ್ಲೇ ಇತ್ತು. ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆ ತಾಗಿಸಿ ಅಲೆಗಳನ್ನು ಹಿಡಿಯುವ ಸಾಧನ ಮಾಡಿದರು. ದುಡ್ಡಿನ ಆಸೆ ಇರಲಿಲ್ಲ. ಗೆಳೆಯರ ಒತ್ತಾಯಕ್ಕೆ ಅರ್ಜಿ ಹಾಕಿ, 1904ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಇವತ್ತಿನ ಶಾಟ್ಕಿ ಡಯೋಡ್ ಅದೇ ವಂಶದ ಕುಡಿ. ಆಂಟೆನಾ ಹಿಡಿದ ಅಲೆ ಹಿಂದೆ ಮುಂದೆ ಓಡಾಡುತ್ತದೆ; ಡಯೋಡ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಡಿಸಿ ಮಾಡುತ್ತದೆ. ಸಿಗೋದು ಕೆಲವು ಮೈಕ್ರೋವಾಟ್ ಅಷ್ಟೇ. ಹನಿ ಹನಿಯಾಗಿ ಕೆಪಾಸಿಟರ್ ತುಂಬಿದಾಗ ಸೆನ್ಸರ್ ಎದ್ದು, ಒಂದು ಅಳತೆ ಕಳಿಸಿ ಮತ್ತೆ ಮಲಗುತ್ತದೆ.

ನಮ್ಮ ಕಡೆಗೆ ಇದು ಯಾಕೆ ಬೇಕು? ವಾಡಿ, ಸೇಡಂನ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಸದಾ ತಿರುಗುವ ಕಿಲ್ನ್‌ಗೆ ವೈರ್ ಎಳೆಯೋದು ಕಷ್ಟ. ಶಹಾಬಾದ್ ಕಲ್ಲಿನ ಗಣಿ, ಚಿತ್ತಾಪುರದ ತೊಗರಿ ಹೊಲ ಎಲ್ಲೇ ನೂರು ಸೆನ್ಸರ್ ಇಟ್ಟರೂ ನೂರು ಬ್ಯಾಟರಿ ಬದಲಿಸೋರು ಯಾರು? ಹಾಗಂತ ಇದು ಮಾಯೆಯಲ್ಲ. ದೂರ ಎರಡು ಪಟ್ಟಾದರೆ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಟವರ್ ಹತ್ತಿರವಿಲ್ಲದ ಚಿಂಚೋಳಿ ಕಾಡಿನೊಳಗೆ ಹಿಡಿಯಲು ಅಲೆಯೇ ಸಾಲದು. ಅಲ್ಲಿ ಸೋಲಾರೇ ಸರಿ.

ಬೋಸರು 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು, 1937ರ ನವೆಂಬರ್ 23ರಂದು ತೀರಿಕೊಂಡರು. ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟವರೇ, ತಮ್ಮ ಜನಕ್ಕಾಗಿ ವಿಜ್ಞಾನವನ್ನು ಬಂಗಾಳಿಯಲ್ಲೂ ಬರೆದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಅವರ ಡಯೋಡ್‌ನಷ್ಟೇ ಈ ಪಾಠವೂ ದೊಡ್ಡದು. ತೊಗರಿ ಹೊಲದ ರೈತನಿಗೆ ಅವನ ಹೊಲದ ಸೆನ್ಸರ್ ಏನು ಮಾಡುತ್ತೆ ಅಂತ ಕನ್ನಡದಲ್ಲಿ ಹೇಳೋಕೆ ಬರದಿದ್ದರೆ, ನಮ್ಮ ಇಂಜಿನಿಯರಿಂಗ್ ಅರ್ಧವೇ ಆದಂತೆ.