ವಿಶ್ವೇಶ್ವರಯ್ಯನವರ ಕಾರ್ಯಯೋಜನೆ

ಅನಂತಗಿರಿಯ ಗುಡ್ಡಗಳು ಎರಡು ನದಿಗಳಿಗೆ ತವರುಮನೆ. ಅಲ್ಲಿ ಹುಟ್ಟಿದ ಕಾಗಿಣಾ ನದಿಯು ಪಡುವಣಕ್ಕೆ ಹರಿದು, ಸೇಡಂ ತಾಲ್ಲೂಕಿನಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ಬಳಸಿ, ಚಿತ್ತಾಪುರದ ನೆಲವನ್ನು ತೋಯಿಸಿ ಭೀಮೆಯನ್ನು ಸೇರುತ್ತದೆ. ಅದೇ ಗುಡ್ಡಗಳಲ್ಲಿ ಹುಟ್ಟಿದ ಮೂಸಿ ನದಿಯು ಮೂಡಣಕ್ಕೆ ಹರಿದು ಹೈದರಾಬಾದು ನಗರವನ್ನು ಹಾದು ಹೋಗುತ್ತದೆ. 1908ನೆಯ ಇಸವಿಯ ಸೆಪ್ಟೆಂಬರ್ 28ರಂದು ಈ ಮೂಸಿಯು ಉಕ್ಕಿ ಹರಿದು ನಗರದ ಮೇಲೆ ಎರಗಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು, ಮನೆಗಳು ಕುಸಿದವು, ಸೇತುವೆಗಳು ನೀರಿನ ಪಾಲಾದವು. ಆಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಮೊದಲಾದ ಊರುಗಳೆಲ್ಲವೂ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದವು.

ಇಂಥ ಅನಾಹುತವು ಮತ್ತೆ ಒದಗದಂತೆ ಮಾಡಬಲ್ಲ ಇಂಜಿನಿಯರನ್ನು ನಿಜಾಮರ ಸರ್ಕಾರವು ಹುಡುಕಿತು. ಮುಂಬಯಿ ಸರ್ಕಾರದ ಸೇವೆಯಿಂದ ಆಗ ತಾನೇ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದ ಕನ್ನಡಿಗರೊಬ್ಬರಿಗೆ ಕರೆ ಹೋಯಿತು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಬಡತನವೇ ಮೊದಲ ಗುರುವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನೀಗಿಸಿಕೊಂಡರು. 1881ರಲ್ಲಿ ಬಿ.ಎ. ಪದವಿ ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಪಾಠ ಕಲಿಯುವ ಹೊತ್ತು, ಪಾಠ ಕಲಿಸುವ ಹೊತ್ತು ಎಂದು ದಿನವನ್ನು ಹಂಚಿಕೊಳ್ಳಬೇಕಾದ ವಿದ್ಯಾರ್ಥಿಗೆ ಕಾಲದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಲಿಲ್ಲ.

1884ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾದರು. ಖಾನದೇಶದಲ್ಲಿ ಪಾಂಜರಾ ನದಿಯನ್ನು ದಾಟಿ ನೀರನ್ನು ಒಯ್ಯುವ ಕೊಳವೆಯೊಂದನ್ನು ಹೂಡಿಸುವುದು ಅವರ ಪಾಲಿಗೆ ಬಂದ ಮೊದಮೊದಲ ಕೆಲಸಗಳಲ್ಲಿ ಒಂದು. ಕೆಲಸ ನಡೆಯುತ್ತಿದ್ದಂತೆಯೇ ಮಳೆ ಹಿಡಿಯಿತು, ನದಿ ತುಂಬಿತು. ಮಳೆಗಾಲ ಕಳೆಯುವ ತನಕ ಕೆಲಸವನ್ನು ಮುಂದಕ್ಕೆ ಹಾಕುವುದು ಮೇಲೆಂದು ತರುಣ ಇಂಜಿನಿಯರಿಗೆ ತೋರಿತು. ಮೇಲಧಿಕಾರಿಗೆ ಆ ಸಲಹೆ ಹಿಡಿಸಲಿಲ್ಲ. ವಿಶ್ವೇಶ್ವರಯ್ಯನವರು ವಾದಕ್ಕೆ ನಿಲ್ಲದೆ ಮತ್ತೆ ಕೆಲಸಕ್ಕೆ ಕೈಹಾಕಿ, ಅಡ್ಡಿಗಳ ನಡುವೆಯೇ ಅದನ್ನು ಮುಗಿಸಿಕೊಟ್ಟರು. ಕೆಲಸದ ಲೆಕ್ಕದಲ್ಲಿ ಕಲ್ಲು ಗಾರೆಗಳಷ್ಟೇ ಅಲ್ಲ, ಮಳೆಯೂ ನದಿಯೂ ಸೇರಬೇಕೆಂಬುದು ಇಂಥ ಅನುಭವಗಳಿಂದಲೇ ಇಂಜಿನಿಯರಿಗೆ ಮನದಟ್ಟಾಗುತ್ತದೆ.

ದಖ್ಖನದ ಕಾಲುವೆಗಳಲ್ಲಿ ಅವರ ಮುಂದೆ ಬೇರೊಂದು ಸಮಸ್ಯೆ ಇತ್ತು. ಕಾಲುವೆಯ ನೀರು ಮಿತವಾಗಿತ್ತು; ಕೇಳುವವರು ಹಲವರು. ಕಾಲುವೆಯ ತಲೆಯಲ್ಲಿದ್ದವರು ಬೇಕಾದಷ್ಟು ನೀರು ಬಳಸಿ ಕಬ್ಬು ಬೆಳೆದರೆ, ಬಾಲದಲ್ಲಿದ್ದವರ ಹೊಲಗಳು ಒಣಗುತ್ತಿದ್ದವು. ಇದಕ್ಕೆ ಪರಿಹಾರವಾಗಿ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಹೊಲಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಪ್ರತಿಯೊಂದು ಗುಂಪಿನಲ್ಲಿಯೂ ಒಂದು ಭಾಗಕ್ಕೆ ಮಾತ್ರ ಹೆಚ್ಚು ನೀರು ಬೇಡುವ ಕಬ್ಬು, ಉಳಿದ ಭಾಗಗಳಿಗೆ ಕಡಿಮೆ ನೀರಿನ ಬೆಳೆ ಎಂದು ಗೊತ್ತುಮಾಡಿ, ವರ್ಷದಿಂದ ವರ್ಷಕ್ಕೆ ಬೆಳೆಗಳನ್ನು ಸರದಿಯ ಮೇಲೆ ಬದಲಿಸುವುದು ಆ ಪದ್ಧತಿಯ ತಿರುಳು. ಮೊದಲು ಇದಕ್ಕೆ ವಿರೋಧ ಬಂದಿತು. ಅವರು ರೈತರನ್ನು ಕಂಡು ವಿವರಿಸಿ ಅವರ ಒಪ್ಪಿಗೆಯನ್ನು ಗಳಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಸಿಗೆ ಒಂದೇ ಆಗಿ, ಮಲಗುವವರು ಹಲವರಾದಾಗ ಅದನ್ನು ಹಂಚುವ ಬಗೆ ಯಾವುದು? ಅದನ್ನು ಹೇಳಿಕೊಟ್ಟದ್ದು ಈ ಪದ್ಧತಿ.

1909ರಲ್ಲಿ ಹೈದರಾಬಾದಿಗೆ ಬಂದ ವಿಶ್ವೇಶ್ವರಯ್ಯನವರು ಅವಸರದಿಂದ ನದಿಯ ಎರಡು ದಡಗಳಿಗೆ ಗೋಡೆ ಕಟ್ಟಿಸಲು ಹೊರಡಲಿಲ್ಲ. ಮೂಸಿಯ ಜಲಾನಯನ ಪ್ರದೇಶದ ಮಳೆಯ ಲೆಕ್ಕವನ್ನೂ ಪ್ರವಾಹದ ಪ್ರಮಾಣವನ್ನೂ ಮೊದಲು ಪರಿಶೀಲಿಸಿದರು. ಪ್ರವಾಹವನ್ನು ನಗರದಲ್ಲಿ ತಡೆಯುವುದಕ್ಕಿಂತ, ನಗರದ ಮೇಲ್ಗಡೆ ಮೂಸಿ ಮತ್ತು ಅದರ ಉಪನದಿ ಈಸಿಗೆ ಒಂದೊಂದು ಜಲಾಶಯ ಕಟ್ಟಿ ಹಿಡಿದಿಡುವುದೇ ಸರಿಯಾದ ಮಾರ್ಗವೆಂದು ಸಲಹೆ ನೀಡಿದರು. ಆ ಪ್ರಕಾರ ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದವು. ಪ್ರವಾಹವನ್ನು ತಡೆಯುವ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

ಅದೇ 1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. ಅಲ್ಲಿ ಅವರ ಕಾರ್ಯಯೋಜನೆಯ ಶಕ್ತಿಗೆ ದೊಡ್ಡ ಪರೀಕ್ಷೆ ಕಾದಿತ್ತು. 1902ರಿಂದ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದರೆ ವಿದ್ಯುತ್ತು ಕುಂದುತ್ತಿತ್ತು. ಮಂಡ್ಯದ ಸುತ್ತಣ ಹೊಲಗಳೋ ಮಳೆಯನ್ನೇ ನಂಬಿ ಬದುಕುತ್ತಿದ್ದವು. ಈ ಎರಡು ಕೊರತೆಗಳಿಗೂ ಕನ್ನಂಬಾಡಿಯಲ್ಲಿ ಕಟ್ಟುವ ಅಣೆಕಟ್ಟೊಂದೇ ಉತ್ತರವಾಗಿತ್ತು. ವೆಚ್ಚವನ್ನು ಕಂಡು ಸಂಸ್ಥಾನದ ಹಣಕಾಸಿನ ಅಧಿಕಾರಿಗಳು ಹಿಂಜರಿದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1911ರಲ್ಲಿ ಮಂಜೂರಾತಿ ನೀಡಿದರು. ಅದೇ ವರ್ಷದ ನವೆಂಬರಿನಲ್ಲಿ ಕೆಲಸ ಆರಂಭವಾಯಿತು.

ವಿದ್ಯಾರ್ಥಿಗಳು ಈ ಕೆಲಸದ ಕಷ್ಟವನ್ನು ಊಹಿಸಿಕೊಳ್ಳಬೇಕು. ನದಿಯ ಪಾತ್ರದಲ್ಲಿ ಅಡಿಪಾಯ ಹಾಕುವುದು ನೀರು ತಗ್ಗಿದ ತಿಂಗಳುಗಳಲ್ಲಿ ಮಾತ್ರ ಸಾಧ್ಯ. ಆ ತಿಂಗಳುಗಳು ವ್ಯರ್ಥವಾದರೆ ಇಡೀ ವರ್ಷವೇ ಕೈತಪ್ಪಿದಂತೆ. ಅಡಿಪಾಯ ಅಗೆದು ಮುಗಿಯದೆ ಕಲ್ಲು ಕಟ್ಟುವಂತಿಲ್ಲ. ಕಲ್ಲು ಒಡೆದು ರಾಶಿ ಹಾಕದೆ ಕಟ್ಟುವವರಿಗೆ ಕೆಲಸವಿಲ್ಲ. ಗಾರೆ ಅರೆದು ಸಿದ್ಧವಾಗದೆ ಕಲ್ಲಿನಿಂದ ಪ್ರಯೋಜನವಿಲ್ಲ. ಇಂದು ವಾಡಿಯ ಮತ್ತು ಸೇಡಂ ಸೀಮೆಯ ಕಾರ್ಖಾನೆಗಳಿಂದ ರೈಲುಗಟ್ಟಲೆ ಹೊರಡುವ ಸಿಮೆಂಟು ಆಗ ನಮ್ಮ ದೇಶದಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಹೊರದೇಶದಿಂದ ತರಿಸಿದರೆ ಬೆಲೆ ವಿಪರೀತ. ಆದುದರಿಂದ ಸುಣ್ಣದೊಡನೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸೇರಿಸಿದ ಸುರ್ಕಿ ಗಾರೆಯಿಂದಲೇ ಅಣೆಕಟ್ಟನ್ನು ಕಟ್ಟಲಾಯಿತು. ಇರುವ ಸಾಮಗ್ರಿಯನ್ನು ಕಂಡು ಕೆಲಸವನ್ನು ಗೊತ್ತುಮಾಡುವುದೂ ಯೋಜನೆಯ ಒಂದು ಅಂಗವೇ.

ಇನ್ನೊಂದು ತೊಡಕು ಹೊರಗಿನಿಂದ ಬಂದಿತು. ಕಾವೇರಿಯ ಕೆಳಗಡೆಯ ಮದ್ರಾಸು ಸರ್ಕಾರವು ಯೋಜನೆಯ ಮೊದಲ ಹಂತಕ್ಕೆ ಮಾತ್ರ ಒಪ್ಪಿತು. ಕಡಿಮೆ ಎತ್ತರದ ಕಟ್ಟೆಗೆ ತಕ್ಕಷ್ಟೇ ಅಡಿಪಾಯ ಹಾಕಿಬಿಟ್ಟರೆ, ಮುಂದೆ ಅನುಮತಿ ದೊರೆತರೂ ಎತ್ತರಿಸಲು ಬಾರದು. ಈ ಕಾರಣದಿಂದ ಅಡಿಪಾಯವನ್ನು ಪೂರ್ಣ ಎತ್ತರದ ಕಟ್ಟೆಗೆ ಸಾಕಾಗುವಷ್ಟು ಅಗಲವಾಗಿಯೇ ಹಾಕಲಾಯಿತು. ಈ ಕ್ರಮವು ಎರಡು ಸರ್ಕಾರಗಳ ನಡುವೆ ದೀರ್ಘವಾದ ವಿವಾದಕ್ಕೆ ಕಾರಣವಾಯಿತು. 1924ರ ಒಪ್ಪಂದದಲ್ಲಿ ಅದು ಒಂದು ನೆಲೆಗೆ ಬಂದಿತು.

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆಯೂ ಅವರ ಕಣ್ಣು ಕನ್ನಂಬಾಡಿಯ ಮೇಲೆಯೇ ಇತ್ತು. 1915ರ ಮಳೆಗಾಲದ ವೇಳೆಗೆ ಚಿನ್ನದ ಗಣಿಗಳಿಗೆ ಹೆಚ್ಚಿನ ವಿದ್ಯುತ್ತನ್ನು ಒದಗಿಸುವುದಾಗಿ ಸಂಸ್ಥಾನವು ಮಾತು ಕೊಟ್ಟಿತ್ತು. ಮಾತು ತಪ್ಪಿದರೆ ಹಣದ ನಷ್ಟದೊಡನೆ ಸಂಸ್ಥಾನದ ಮಾನವೂ ಹೋಗುತ್ತಿತ್ತು. ಹತ್ತು ಸಾವಿರ ಜನ ಕೆಲಸಗಾರರು ಅಲ್ಲಿ ದುಡಿದರು. ದೀಪಗಳನ್ನು ಉರಿಸಿ ರಾತ್ರಿಯೂ ಕೆಲಸ ನಡೆಸಲಾಯಿತು. ಮಲೇರಿಯಾ ಜ್ವರದ ಕಾಟವೂ ಆ ಪ್ರದೇಶದಲ್ಲಿತ್ತು. ಮೋಡಗಳು ಕವಿಯುವ ಹೊತ್ತಿಗೆ ಕಟ್ಟೆಯು ಬೇಕಾದ ಎತ್ತರವನ್ನು ಮುಟ್ಟಿತು. ಕೊಟ್ಟ ಮಾತು ಉಳಿಯಿತು. ಸುಮಾರು 8,600 ಅಡಿ ಉದ್ದದ ಆ ಅಣೆಕಟ್ಟು ಸಂಪೂರ್ಣವಾಗಿ ಮುಗಿದದ್ದು 1931ರಲ್ಲಿ.

ಅದೇ ಕಾಲದಲ್ಲಿ ಅಮೆರಿಕೆಯಲ್ಲಿ ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರು ಕಾರ್ಖಾನೆಗಳ ಕೆಲಸವನ್ನು ಪಟ್ಟಿಗಳ ಚಿತ್ರವಾಗಿ ಬರೆದು ತೋರಿಸುವ ಬಗೆಯನ್ನು ಪ್ರಚಾರಕ್ಕೆ ತಂದರು. ಎಡದಿಂದ ಬಲಕ್ಕೆ ದಿನಗಳು, ಮೇಲಿನಿಂದ ಕೆಳಕ್ಕೆ ಕೆಲಸಗಳು. ಯಾವ ಕೆಲಸ ಎಂದು ಆರಂಭವಾಗಿ ಎಂದು ಮುಗಿಯಬೇಕೆಂಬುದನ್ನು ಒಂದೊಂದು ಪಟ್ಟಿಯೂ ತೋರಿಸುತ್ತದೆ. ಇಂದು ಗಣಕಯಂತ್ರದಲ್ಲಿ ಬಳಸುವ ಯೋಜನಾ ನಿರ್ವಹಣೆಯ ತಂತ್ರಾಂಶಗಳಲ್ಲಿ ಕಾಣುವುದು ಆ ಪಟ್ಟಿಯೇ.

ಈ ತಂತ್ರಾಂಶವು ಮಾಡುವ ಕೆಲಸವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಚಿಂಚೋಳಿಯ ಕಡೆಯ ಹಳ್ಳವೊಂದಕ್ಕೆ ಸಣ್ಣ ಸೇತುವೆ ಕಟ್ಟಬೇಕಾಗಿದೆಯೆನ್ನೋಣ. ಮೊದಲು ಕೆಲಸಗಳನ್ನೆಲ್ಲ ಬಿಡಿಬಿಡಿಯಾಗಿ ಬರೆಯಬೇಕು. ಒಂದೊಂದಕ್ಕೂ ಎಷ್ಟು ದಿನ ಬೇಕು, ಯಾವುದು ಮುಗಿದ ಮೇಲೆ ಯಾವುದು ಎಂದು ಗೊತ್ತುಮಾಡಬೇಕು. ವಾರದ ರಜೆ, ಹಬ್ಬದ ರಜೆ, ಮಳೆಗಾಲ ಇವನ್ನು ಪಂಚಾಂಗದಲ್ಲಿ ಗುರುತಿಸಬೇಕು. ಆಮೇಲೆ ಪ್ರತಿಯೊಂದು ಕೆಲಸಕ್ಕೂ ಜನರನ್ನೂ ಯಂತ್ರಗಳನ್ನೂ ಸಾಮಗ್ರಿಯನ್ನೂ ಹಂಚಬೇಕು. ಇರುವವರು ಎಂಟು ಮಂದಿ ಗೌಂಡಿಗಳು. ಒಂದೇ ವಾರದಲ್ಲಿ ಎರಡು ಕಡೆಗಳಿಗೂ ಆರಾರು ಮಂದಿಯನ್ನು ಹಂಚಿದರೆ, ನಾಲ್ಕು ಜನರ ಕೊರತೆಯಿದೆಯೆಂದು ತಂತ್ರಾಂಶವು ಕೂಡಲೇ ಎಚ್ಚರಿಸುತ್ತದೆ. ಆಗ ಒಂದು ಕೆಲಸವನ್ನು ಮುಂದೂಡಬೇಕು, ಇಲ್ಲವೇ ಹೊರಗಿನಿಂದ ಜನರನ್ನು ಕರೆಸಬೇಕು. ಯಾವ ಕೆಲಸವನ್ನು ಒಂದು ದಿನ ತಡಮಾಡಿದರೂ ಇಡೀ ಸೇತುವೆಯೇ ಒಂದು ದಿನ ತಡವಾಗುವುದೋ, ಅಂಥ ಕೆಲಸಗಳ ಸರಪಳಿಯನ್ನೂ ಅದು ಬೇರೆಯಾಗಿ ತೋರಿಸುತ್ತದೆ.

ಕನ್ನಂಬಾಡಿಯಲ್ಲಿ ಇಂಥ ಯಂತ್ರವಿರಲಿಲ್ಲ. ಆ ಲೆಕ್ಕವನ್ನೆಲ್ಲ ಇಂಜಿನಿಯರುಗಳು ಕಾಗದದ ಮೇಲೆಯೂ ತಲೆಯಲ್ಲಿಯೂ ಮಾಡಬೇಕಾಗಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದ ಮಾತು. ಗಾಳಿ ಬರುವ ಮೊದಲೇ ರಾಶಿಯನ್ನೂ ಮೊರವನ್ನೂ ಆಳನ್ನೂ ಅಣಿಮಾಡಿ ನಿಲ್ಲುವುದು ವಿಶ್ವೇಶ್ವರಯ್ಯನವರ ರೀತಿ. ಅವರು ದಿವಾನರಾಗಿದ್ದ ಆರು ವರ್ಷಗಳಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ಪ್ರಶ್ನೆಯಲ್ಲಿ ಮಹಾರಾಜರ ನಿಲುವನ್ನು ಒಪ್ಪಲಾರದೆ 1918ರಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಆ ವಿಷಯದಲ್ಲಿ ಕಾಲವು ಮಹಾರಾಜರ ನಿಲುವಿನ ಕಡೆಗೆ ನಡೆಯಿತೆಂಬುದನ್ನೂ ಇಲ್ಲಿ ಹೇಳಬೇಕು. 1934ರಲ್ಲಿ ಇಡೀ ದೇಶಕ್ಕೇ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಅವರು ಪುಸ್ತಕ ಬರೆದರು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷಗಳ ತುಂಬು ಬಾಳನ್ನು ಬಾಳಿ 1962ರ ಏಪ್ರಿಲ್ ತಿಂಗಳಲ್ಲಿ ಅವರು ಕಣ್ಣು ಮುಚ್ಚಿದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15 ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನವಾಗಿದೆ.

ಕನ್ನಂಬಾಡಿಯ ಕಥೆಯನ್ನು ಹೇಳುವಾಗ ಮತ್ತೊಂದು ಮಾತನ್ನು ಮರೆಯಲಾಗದು. ಜಲಾಶಯ ತುಂಬಿದಾಗ ಹಲವು ಹಳ್ಳಿಗಳು ಮುಳುಗಿದವು. ಸಾವಿರಾರು ಜನ ಹುಟ್ಟಿದ ಮನೆಗಳನ್ನು ಬಿಟ್ಟು ಹೋದರು. ಕಲ್ಲು ಹೊತ್ತವರ ಹೆಸರುಗಳು ಕಟ್ಟೆಯ ಮೇಲಿಲ್ಲ. ಯೋಜನೆಯ ಪಟ್ಟಿಯಲ್ಲಿ ಮನುಷ್ಯನು ಇಷ್ಟು ಗಂಟೆಗಳ ದುಡಿಮೆಯೆಂದು ಮಾತ್ರ ಕಾಣಿಸುತ್ತಾನೆ. ಅವನ ಜ್ವರ, ಅವನ ಮನೆ, ಅವನ ದಣಿವು ಅಲ್ಲಿ ಕಾಣಿಸುವುದಿಲ್ಲ. ಅವುಗಳನ್ನು ಕಾಣುವ ಕೆಲಸ ಪಟ್ಟಿಯನ್ನು ಬರೆಯುವವನದು. ಶಹಾಬಾದದ ಕಲ್ಲುಗಣಿಯಲ್ಲಿ ಪರಸಿಯನ್ನು ಎಬ್ಬಿಸುವ ಕೈಗಳನ್ನೂ ವಾಡಿಯ ನಿಲ್ದಾಣದಲ್ಲಿ ರಾತ್ರಿಯ ಪಾಳಿ ಮಾಡುವ ಕಣ್ಣುಗಳನ್ನೂ ಬಲ್ಲ ಈ ಸೀಮೆಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅವರಲ್ಲಿ ಯಾರಾದರೂ ಮುಂದೆ ಇಂಜಿನಿಯರಾಗಿ ಗಣಕಯಂತ್ರದ ಮುಂದೆ ಕುಳಿತು ಕೆಲಸಗಳನ್ನು ಹಂಚುವ ದಿನ ಬಂದಾಗ, ದಿನಗಳ ಲೆಕ್ಕವನ್ನು ವಿಶ್ವೇಶ್ವರಯ್ಯನವರಿಂದ ಕಲಿಯಲಿ. ಜನರ ಲೆಕ್ಕವನ್ನು ತಮ್ಮ ಊರಿನಿಂದ ಕಲಿಯಲಿ.