ಅಲೆಗಳ ನಡೆಯನ್ನು ಅರಿತ ರಾಜೇಶ್ವರಿ ಚಟರ್ಜಿಯವರು

ನಮ್ಮ ಹುಮನಾಬಾದಿನವರಿಗೆ ವಿಮಾನದ ಸದ್ದು ಹೊಸದಲ್ಲ. ಬೀದರಿನಲ್ಲಿ ವಾಯುಪಡೆಯ ನೆಲೆಯಿರುವುದರಿಂದ ತರಬೇತಿಯ ಜೆಟ್ ವಿಮಾನಗಳು ಒಮ್ಮೊಮ್ಮೆ ನಮ್ಮ ತೊಗರಿ ಹೊಲಗಳ ಮೇಲೂ ಹಾದುಹೋಗುವುದುಂಟು. ೨೦೦೮ರಲ್ಲಿ ಹಾಕ್ ಎಂಬ ತರಬೇತಿ ಜೆಟ್ಟುಗಳು ವಾಯುಪಡೆಗೆ ಸೇರಿದ್ದು ಆ ನೆಲೆಯಲ್ಲಿಯೇ. ಚಿಕ್ಕಂದಿನಲ್ಲಿ ಸದ್ದು ಕೇಳಿದೊಡನೆ ನಾನು ಅಂಗಳಕ್ಕೆ ಓಡಿಬರುತ್ತಿದ್ದೆ. ಸದ್ದು ಬಂದ ಕಡೆ ನೋಡಿದರೆ ವಿಮಾನ ಅಲ್ಲಿರುತ್ತಿರಲಿಲ್ಲ. ಆಗಲೇ ಬಹುದೂರ ಮುಂದೆ ಹೋಗಿರುತ್ತಿತ್ತು. ಅಷ್ಟು ವೇಗದಲ್ಲಿ ಹೋಗುವವನು ನೆಲದವರೊಡನೆ ಹೇಗೆ ಮಾತನಾಡುತ್ತಾನೆ? ಆ ಮಾತನ್ನು ವೈರಿ ನಡುವೆ ಕೆಡಿಸಿದರೆ ಅವನ ಗತಿಯೇನು? ಕಲಾ ವಿಭಾಗದ ವಿದ್ಯಾರ್ಥಿನಿಗೆ ಈ ಪ್ರಶ್ನೆ ಏಕೆಂದು ವಾಚಕರು ನಗಬಹುದು. ಆದರೆ ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದ ನನಗೆ ಒಬ್ಬ ಕನ್ನಡತಿಯ ಬಾಳಿನ ಪರಿಚಯವಾಯಿತು. ಅದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಮುತ್ಯಾನ ಬಳಿ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ಮನೆಯ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಸಂಜೆ ಗಿರಣಿ ಸುರುವಾಯಿತೆಂದರೆ ಕಲಬುರಗಿ ಆಕಾಶವಾಣಿಯ ವಾರ್ತೆಗಳೆಲ್ಲ ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದವು. ಆಗ ಮುತ್ಯಾ ಧ್ವನಿಯನ್ನು ಹೆಚ್ಚಿಸುತ್ತಿರಲಿಲ್ಲ. ಹೆಚ್ಚಿಸಿದರೆ ಗರಗರವೂ ಹೆಚ್ಚುತ್ತದೆಂಬುದು ಅವನಿಗೆ ಗೊತ್ತಿತ್ತು. ಅವನು ರೇಡಿಯೋವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಿದ್ದ. ಯಾವುದೋ ಒಂದು ದಿಕ್ಕಿಗೆ ಬಂದಾಗ ಗಿರಣಿಯ ಸದ್ದು ಅಡಗಿ ವಾರ್ತೆ ಕೇಳಿಸುತ್ತಿತ್ತು. ನಾವು ಇದನ್ನು ಮುತ್ಯಾನ ಕೈಗುಣವೆಂದು ತಿಳಿದಿದ್ದೆವು. ರೇಡಿಯೋದ ಒಳಗಿರುವ ಆಂಟೆನಾದ ಕಡ್ಡಿ ತನ್ನ ಎರಡು ತುದಿಗಳ ಕಡೆಯಿಂದ ಬರುವ ಅಲೆಗಳಿಗೆ ಬಹುಮಟ್ಟಿಗೆ ಕಿವುಡಾಗಿರುತ್ತದೆಂದೂ, ಆ ಕಿವುಡು ತುದಿಯನ್ನು ಗಿರಣಿಯ ಕಡೆಗೆ ತಿರುಗಿಸಿದರೆ ಗದ್ದಲ ಕಡಿಮೆಯಾಗುತ್ತದೆಂದೂ ಈಚೆಗೆ ತಿಳಿಯಿತು.

ಯುದ್ಧದಲ್ಲಿ ವೈರಿಯು ಮಾಡುವುದೂ ಗಿರಣಿಯ ಕೆಲಸವೇ. ವ್ಯತ್ಯಾಸವಿಷ್ಟೇ: ಗಿರಣಿಗೆ ದುರುದ್ದೇಶವಿಲ್ಲ, ವೈರಿಗೆ ಇದೆ. ವಿಮಾನದ ರೇಡಿಯೋ ಯಾವ ಅಲೆಯಲ್ಲಿ ಮಾತನಾಡುತ್ತದೆಯೋ ಅದೇ ಅಲೆಯಲ್ಲಿ ಅವನು ಬಲವಾದ ಗದ್ದಲವನ್ನು ಹರಡುತ್ತಾನೆ. ಇದಕ್ಕೆ ಜ್ಯಾಮಿಂಗ್ ಎನ್ನುತ್ತಾರೆ. ವಿಮಾನದ ರೇಡಾರಿಗಂತೂ ತೊಂದರೆ ಇನ್ನೂ ಹೆಚ್ಚು. ರೇಡಾರಿನ ಅಲೆ ಗುರಿಯವರೆಗೆ ಹೋಗಿ ಮರಳಿ ಬರಬೇಕು. ವೈರಿಯ ಗದ್ದಲ ಒಂದು ದಾರಿ ಬಂದರೆ ಸಾಕು. ಆದ್ದರಿಂದ ದೂರವು ಇಮ್ಮಡಿಯಾದರೆ ಗದ್ದಲದ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿದರೆ, ಮರಳಿಬಂದ ಅಲೆಯ ಬಲ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ೧೯೪೩ರ ಜುಲೈ ತಿಂಗಳಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಹ್ಯಾಂಬರ್ಗ್ ನಗರದ ಮೇಲೆ ಲೋಹ ಲೇಪಿಸಿದ ಹಾಳೆಯ ಪಟ್ಟಿಗಳನ್ನು ಕಂತೆಗಟ್ಟಲೆ ಚೆಲ್ಲಿದಾಗ, ಜರ್ಮನರ ರೇಡಾರುಗಳು ಪಟ್ಟಿ ಯಾವುದು ವಿಮಾನ ಯಾವುದು ಎಂದು ತಿಳಿಯದೆ ಕಣ್ಣುಕಟ್ಟಿದಂತಾದವು.

ಅದೇ ೧೯೪೩ನೆಯ ಇಸವಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಒಬ್ಬ ತರುಣಿ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದಳು. ಆಕೆ ಆರಿಸಿಕೊಂಡ ವಿಷಯ ಸಂಪರ್ಕ ವಿಜ್ಞಾನ. ಆಕೆಯೇ ರಾಜೇಶ್ವರಿ.

ರಾಜೇಶ್ವರಿಯವರು ಹುಟ್ಟಿದ್ದು ೧೯೨೨ನೆಯ ಜನವರಿ ೨೪ರಂದು. ತಂದೆ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು ಮತ್ತು ಗಂಡ ಬಿಟ್ಟ ಹೆಣ್ಣುಮಕ್ಕಳು ಓದು ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ದುಡಿದವರು. ಮೊಮ್ಮಗಳ ಮೊದಲ ಓದು ನಡೆದದ್ದು ಆ ಅಜ್ಜಿಯ ದುಡಿಮೆಯಿಂದ ಬೆಳೆದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಒಂದು ಮನೆತನದಲ್ಲಿ ಒಬ್ಬ ಹೆಂಗಸು ಓದಿದರೆ ಅದರ ಫಲ ಮೂರನೆಯ ತಲೆಮಾರಿಗೆ ಹೇಗೆ ತಲಪುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮಂಥ ಕಲಾ ವಿದ್ಯಾರ್ಥಿಗಳಿಗೆ ಪ್ರಿಯವಾಗುವ ಸಂಗತಿಯೊಂದಿದೆ. ಶಾಲೆಯ ಓದು ಮುಗಿದಾಗ ರಾಜೇಶ್ವರಿಯವರ ಮನಸ್ಸು ಇತಿಹಾಸದ ಕಡೆಗೂ ಎಳೆಯುತ್ತಿತ್ತಂತೆ. ಕೊನೆಗೆ ಅವರು ಗಣಿತ ಮತ್ತು ವಿಜ್ಞಾನಗಳನ್ನು ಹಿಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಎರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮರಾಗಿ ತೇರ್ಗಡೆಯಾದರು. ಗಣಿತವನ್ನು ಬಲ್ಲವರಿಗೆ ರೇಡಿಯೋ ಅಲೆಗಳ ಶಾಸ್ತ್ರ ದೂರದ ಊರಲ್ಲ. ಕಣ್ಣಿಗೆ ಕಾಣದ ಅಲೆ ಎಲ್ಲಿ ಬಾಗುತ್ತದೆ, ಎಲ್ಲಿ ಮರಳುತ್ತದೆ ಎಂಬುದನ್ನು ಕಾಗದದ ಮೇಲೆ ಮೊದಲು ತೋರಿಸುವುದು ಗಣಿತವೇ.

೧೯೪೬ರಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳುಹಿಸುವ ಸರಕಾರದ ವಿದ್ಯಾರ್ಥಿವೇತನ ಅವರಿಗೆ ದೊರೆಯಿತು. ಹೆಣ್ಣುಮಗಳೊಬ್ಬಳು ಒಂಟಿಯಾಗಿ ಸಮುದ್ರ ದಾಟಿ ಎಂಜಿನಿಯರಿಂಗ್ ಕಲಿಯುವುದೆಂದರೆ ಆ ಕಾಲಕ್ಕೆ ಸಾಮಾನ್ಯ ಮಾತಾಗಿರಲಿಲ್ಲ. ಅವರು ಹಿಂಜರಿಯಲಿಲ್ಲ. ಅಮೆರಿಕದ ಆ್ಯನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಸರಕಾರದ ಕರಾರಿನಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಅಲೆಗಳನ್ನು ಅಳೆಯುವ ತರಬೇತಿಯನ್ನು ಹೊಂದಿದರು. ೧೯೪೯ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಮತ್ತೆ ಮಿಷಿಗನ್ನಿಗೆ ಬಂದು, ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿಗೆ ದುಡಿದು, ೧೯೫೩ರ ಮೊದಲಲ್ಲಿ ಅದನ್ನು ಗಳಿಸಿದರು.

ಈ ಡೌ ಅವರ ವಿಷಯವನ್ನು ಇಲ್ಲಿ ಹೇಳದೆ ಬಿಡಲಾಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಹಾರ್ವರ್ಡಿನ ರೇಡಿಯೋ ಸಂಶೋಧನಾಲಯದಲ್ಲಿ ಕೆಲಸ ಮಾಡಿದವರು. ವೈರಿಯ ರೇಡಾರುಗಳನ್ನು ಕುರುಡು ಮಾಡುವ ಜ್ಯಾಮಿಂಗ್ ಸಾಧನಗಳನ್ನು ರೂಪಿಸುವುದೇ ಆ ಸಂಶೋಧನಾಲಯದ ಕಾರ್ಯವಾಗಿತ್ತು. ಹೀಗೆ ಅಲೆಗಳ ಯುದ್ಧವನ್ನು ಒಳಗಿನಿಂದ ಕಂಡ ಗುರುವಿನ ಬಳಿ ನಂಜನಗೂಡಿನ ವಕೀಲರ ಮಗಳು ವಿದ್ಯೆ ಕಲಿತಳು.

೧೯೫೩ರಲ್ಲಿಯೇ ತಾಯ್ನಾಡಿಗೆ ಮರಳಿದ ರಾಜೇಶ್ವರಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂಬ ಗೌರವ ಅವರದು. ಅದೇ ವರ್ಷ ಆ ವಿಭಾಗದ ಅಧ್ಯಾಪಕರಾಗಿದ್ದ ಶಿಶಿರಕುಮಾರ ಚಟರ್ಜಿಯವರೊಡನೆ ಅವರ ವಿವಾಹವಾಯಿತು. ಆಗ ನಮ್ಮ ದೇಶದಲ್ಲಿ ಮೈಕ್ರೋವೇವ್ ಅಲೆಗಳ ಅಭ್ಯಾಸ ಇನ್ನೂ ಎಳೆಯದು. ದಂಪತಿಗಳು ಕೂಡಿ ಮೈಕ್ರೋವೇವ್ ಸಂಶೋಧನಾಲಯವನ್ನು ಕಟ್ಟಿದರು. ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ೧೯೪೦ರಲ್ಲಿಯೇ ಹುಟ್ಟಿತ್ತು. ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. ಕಾರ್ಖಾನೆಗಳನ್ನು ಕಟ್ಟಬಹುದು, ಯಂತ್ರಗಳನ್ನು ಕೊಳ್ಳಬಹುದು. ಅಲೆಗಳ ಶಾಸ್ತ್ರ ಬಲ್ಲ ಮನುಷ್ಯರನ್ನು ಕೊಳ್ಳಲಾಗದು, ಅವರನ್ನು ಪಾಠ ಹೇಳಿ ಬೆಳೆಸಬೇಕು. ರಾಜೇಶ್ವರಿಯವರು ಮಾಡಿದ್ದು ಅದನ್ನು.

ಅವರ ಸಂಶೋಧನೆಯ ಮುಖ್ಯ ಭಾಗ ಆಂಟೆನಾಗಳದು. ಮುತ್ಯಾನ ರೇಡಿಯೋದ ಕಡ್ಡಿಯನ್ನು ನೆನೆದರೆ ಅದರ ಮಹತ್ವ ತಿಳಿಯುತ್ತದೆ. ಆಂಟೆನಾ ವಿಮಾನದ ಕಿವಿಯೂ ಹೌದು, ಬಾಯಿಯೂ ಹೌದು. ಶಬ್ದದ ವೇಗವನ್ನು ಮೀರಿ ಹೋಗುವ ವಿಮಾನದ ಮೇಲೆ ದೊಡ್ಡ ತಟ್ಟೆಯನ್ನೋ ಉದ್ದನೆಯ ಸಲಾಕೆಯನ್ನೋ ನಿಲ್ಲಿಸಲಾಗದು. ಗಾಳಿ ಅದನ್ನು ಉಳಿಯಗೊಡದು. ಮೈಯೊಳಗೇ ಅಡಗಿ, ಬೇಕಾದ ದಿಕ್ಕಿಗೆ ಅಲೆಯನ್ನು ಹರಿಸುವ ಆಂಟೆನಾ ಬೇಕು. ಲೋಹವಲ್ಲದ, ವಿದ್ಯುತ್ತನ್ನು ಹರಿಯಗೊಡದ ವಸ್ತುವಿನ ಮೈಗುಂಟ ಅಲೆಗಳನ್ನು ನಡೆಸಿ ಒಂದು ದಿಕ್ಕಿಗೆ ಕಳುಹಿಸುವ ಆಂಟೆನಾಗಳ ಮೇಲೆ ಅವರು ಬಹುಕಾಲ ದುಡಿದು ಗ್ರಂಥವನ್ನೂ ಬರೆದರು. ಆಂಟೆನಾಗಳ ಮೇಲಿನ ಅವರ ಕೆಲಸ ಮುಂದೆ ವಿಮಾನ ಮತ್ತು ಅಂತರಿಕ್ಷ ನೌಕೆಗಳ ವಿಶೇಷ ಆಂಟೆನಾಗಳಿಗೆ ಉಪಯೋಗವಾಯಿತು.

ಇಂದಿನ ಯುದ್ಧವಿಮಾನ ಗದ್ದಲದ ನಡುವೆ ಮಾತು ಉಳಿಸಿಕೊಳ್ಳುವ ಉಪಾಯಗಳಲ್ಲಿ ಎರಡನ್ನು ಹೇಳುತ್ತೇನೆ. ಒಂದು, ಮುತ್ಯಾನ ಉಪಾಯ. ಹಲವು ಚಿಕ್ಕ ಆಂಟೆನಾಗಳನ್ನು ಸಾಲಾಗಿ ಜೋಡಿಸಿ, ಅವು ಕೇಳಿದ್ದನ್ನು ಲೆಕ್ಕ ಹಾಕಿ ಕೂಡಿಸುತ್ತಾರೆ. ಆಗ ಕಿವುಡು ದಿಕ್ಕು ವೈರಿಯ ಕಡೆಗೂ, ಚುರುಕು ದಿಕ್ಕು ನಮ್ಮವರ ಕಡೆಗೂ ತಾನಾಗಿ ಹೊರಳುತ್ತದೆ. ಕೈಯಿಂದ ತಿರುಗಿಸುವುದು ಬೇಕಿಲ್ಲ. ಆ ಕೆಲಸವನ್ನು ಗಣಿತ ಮಾಡುತ್ತದೆ.

ಇನ್ನೊಂದು, ಜಾತ್ರೆಯ ಉಪಾಯ. ನಮ್ಮ ವೀರಭದ್ರೇಶ್ವರನ ಜಾತ್ರೆಯ ಗದ್ದಲದಲ್ಲಿ ಇಬ್ಬರು ಗೆಳತಿಯರು ಗುಟ್ಟು ಮಾತನಾಡಬೇಕಾಗಿದೆ ಎನ್ನಿ. ಒಂದೇ ಕಡೆ ನಿಂತರೆ ಪಕ್ಕದ ಅಂಗಡಿಯವನ ಧ್ವನಿವರ್ಧಕ ಅವರ ಮಾತನ್ನು ನುಂಗುತ್ತದೆ. ಆದ್ದರಿಂದ ಒಂದು ಮಾತು ತೇರಿನ ಬಳಿ, ಇನ್ನೊಂದು ಬಳೆಯಂಗಡಿಯ ಮುಂದೆ, ಮತ್ತೊಂದು ಬಾವಿಯ ಕಟ್ಟೆಯ ಮೇಲೆ ಎಂದು ಮೊದಲೇ ಒಪ್ಪಿಕೊಂಡು ಸ್ಥಳ ಬದಲಿಸುತ್ತ ಹೋದರೆ ಧ್ವನಿವರ್ಧಕ ಎಷ್ಟೆಂದು ಬೆನ್ನಟ್ಟೀತು? ಹಾಗೆಯೇ ವಿಮಾನದ ರೇಡಿಯೋ ಮತ್ತು ನೆಲದ ರೇಡಿಯೋ ಗುಟ್ಟಿನ ಕ್ರಮವೊಂದನ್ನು ಹಿಡಿದು, ಕ್ಷಣಕ್ಷಣಕ್ಕೂ ಒಂದು ಅಲೆಯಿಂದ ಇನ್ನೊಂದಕ್ಕೆ ಒಟ್ಟಿಗೆ ಜಿಗಿಯುತ್ತವೆ. ಈ ಯೋಚನೆಗೆ ೧೯೪೨ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಇಬ್ಬರಲ್ಲಿ ಒಬ್ಬಳು ಹೆಡಿ ಲಮಾರ್ ಎಂಬ ಚಲನಚಿತ್ರ ನಟಿ; ಇನ್ನೊಬ್ಬ ಜಾರ್ಜ್ ಆಂಥೀಲ್ ಎಂಬ ಸಂಗೀತಗಾರ. ಪಿಯಾನೋ ವಾದ್ಯದ ಮನೆಗಳಿರುವಂತೆ ಅವರ ಯೋಜನೆಯಲ್ಲಿ ೮೮ ಅಲೆಗಳಿದ್ದವು. ನೌಕಾಪಡೆ ಆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ನಟಿಯ ಮಾತಿಗೆ ಕಿವಿಗೊಡುವವರಾರು!

ಈ ಮಾತು ಬರೆಯುವಾಗ ನನಗೆ ನಮ್ಮ ಮನೆಯ ನೆನಪಾಗುತ್ತದೆ. ನನ್ನ ತಂಗಿಗೆ ಗಣಿತದಲ್ಲಿ ಒಳ್ಳೆಯ ಗತಿಯಿದೆ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ತೆಗೆದುಕೊಳ್ಳುತ್ತೇನೆಂದಾಗ ನೆಂಟರೆಲ್ಲ ಒಂದೊಂದು ಮಾತು ಆಡಿದರು. ಹೆಣ್ಣಿಗೇಕೆ ಅಷ್ಟು ಕಷ್ಟದ ಓದು ಎಂದರು ಕೆಲವರು; ಕಲಬುರಗಿಗೆ, ಬೆಂಗಳೂರಿಗೆ ಕಳುಹಿಸುವವರಾರು ಎಂದರು ಇನ್ನು ಕೆಲವರು. ಅವ್ವ ಬಾಯಿ ಬಿಡಲಿಲ್ಲ. ಆ ರಾತ್ರಿ ನಾನು ರಾಜೇಶ್ವರಿಯವರ ಕಥೆಯನ್ನು ಮನೆಯವರಿಗೆಲ್ಲ ಹೇಳಿದೆ. ಎಲ್ಲರಿಗಿಂತ ಹೆಚ್ಚು ಲಕ್ಷ್ಯಗೊಟ್ಟು ಕೇಳಿದವನು ಮುತ್ಯಾ. ಮರುದಿನ ತಂಗಿಯ ಅರ್ಜಿಗೆ ಅಪ್ಪ ಸಹಿ ಹಾಕಿದ. ಮುಂದೇನಾಗುವುದೋ ಕಾಣೆ, ಅರ್ಜಿಯಂತೂ ಹೋಗಿದೆ.

ರಾಜೇಶ್ವರಿಯವರು ತಮ್ಮ ವಿಭಾಗದ ಮುಖ್ಯಸ್ಥರಾಗಿಯೂ ಕೆಲಸ ಮಾಡಿ ೧೯೮೨ರಲ್ಲಿ ನಿವೃತ್ತರಾದರು. ಇಪ್ಪತ್ತು ಮಂದಿ ಅವರ ಬಳಿ ಡಾಕ್ಟರೇಟ್ ಪದವಿಗೆ ದುಡಿದರು. ಅವರು ಬರೆದ ಸಂಶೋಧನ ಲೇಖನಗಳು ನೂರಕ್ಕೂ ಹೆಚ್ಚು, ಗ್ರಂಥಗಳು ಏಳು. ನಿವೃತ್ತಿಯ ತರುವಾಯ ಅವರು ಅಜ್ಜಿಯ ದಾರಿಗೆ ಮರಳಿದರು. ಮಹಿಳಾ ಅಧ್ಯಯನದ ಸಂಘದಲ್ಲಿ ಸೇರಿ ಹೆಣ್ಣುಮಕ್ಕಳ ಏಳಿಗೆಗಾಗಿ ದುಡಿದರು. ಪತಿ ೧೯೯೪ರಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿಯವರು ಅಮೆರಿಕದ ನೆವಾಡ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಪ್ರೊಫೆಸರಾದರು. ೨೦೧೦ರ ಸೆಪ್ಟೆಂಬರ್ ೩ರಂದು ರಾಜೇಶ್ವರಿಯವರು ತಮ್ಮ ೮೮ನೆಯ ವಯಸ್ಸಿನಲ್ಲಿ ಕಾಲವಾದರು. ೨೦೧೭ರಲ್ಲಿ ಭಾರತ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ದೇಶದ ಪ್ರಥಮ ಮಹಿಳಾ ಸಾಧಕರ ಸಾಲಿನಲ್ಲಿ ಅವರನ್ನು ಸ್ಮರಿಸಿತು.

ಅವರು ವಿಮಾನ ನಡೆಸಿದವರಲ್ಲ, ಯುದ್ಧ ಕಂಡವರೂ ಅಲ್ಲ. ಕರಿಹಲಗೆಯ ಮುಂದೆ ನಿಂತು ಸುಮಾರು ಮೂವತ್ತು ವರ್ಷ ಪಾಠ ಹೇಳಿದವರು. ಆದರೆ ವೈರಿಯ ಗದ್ದಲವನ್ನು ದಾಟಿ ನಮ್ಮ ವಿಮಾನದವನ ಮಾತು ನೆಲಕ್ಕೆ ತಲಪಬೇಕಾದರೆ, ಹಾಗೆ ಪಾಠ ಹೇಳಿದವರೂ ಅದನ್ನು ಕಲಿತವರೂ ಬಹುಮಂದಿ ಬೇಕು. ಅವರಲ್ಲಿ ನಮ್ಮ ಹುಮನಾಬಾದಿನ, ಬಸವಕಲ್ಯಾಣದ ಹುಡುಗಿಯರೂ ಇರಲೆಂಬುದು ನನ್ನ ಆಸೆ.

ಮುತ್ಯಾನ ರೇಡಿಯೋ ಕೆಟ್ಟುಹೋಗಿ ವರ್ಷಗಳಾದವು. ತಂಗಿ ಮೊನ್ನೆ ಅದನ್ನು ಬಿಚ್ಚಿ ಒಳಗಿನ ಕಡ್ಡಿಯನ್ನು ಹೊರತೆಗೆದು ತನ್ನ ಪುಸ್ತಕಗಳ ಪಕ್ಕದಲ್ಲಿಟ್ಟುಕೊಂಡಿದ್ದಾಳೆ. ಮುತ್ಯಾ ಬೇಡವೆನ್ನಲಿಲ್ಲ.